ಕೂಸು ನಿದ್ದೆಯಲ್ಲಿ ಉಸಿರು ನಿಲ್ಲಿಸಿ ನಿಲ್ಲಿಸಿ ಆಡುತ್ತದೆ, ಯಾರ ಮಕ್ಕಳಿಗಾದರೂ ಹೀಗಾಗಿದೆಯಾ?

ವಿಜಯಪುರದ ಬಾಣಂತಿ

ಎಲ್ಲರಿಗೂ ನಮಸ್ಕಾರ ರೀ. ಬಾಣಂತನಕ್ಕೆ ವಿಜಯಪುರದ ತವರುಮನೆಯಲ್ಲಿದ್ದೇನೆ. ಮಗಳಿಗೆ ಇವತ್ತಿಗೆ 39 ದಿನ, ನಾಲ್ಕು ವಾರ ಮೊದಲೇ ಹುಟ್ಟಿದ್ದಾಳೆ. ಹಾಲು ಚೆನ್ನಾಗಿ ಕುಡಿಯುತ್ತಾಳೆ, ತೂಕವೂ ಏರಿದೆ. ಆದರೆ ರಾತ್ರಿ ಮಲಗಿದಾಗ ಬುಸುಬುಸು ಅಂತ ಜೋರಾಗಿ ಉಸಿರಾಡಿ ಒಮ್ಮೆಲೇ ಸುಮ್ನಾಗಿಬಿಡುತ್ತಾಳೆ. ಎದೆ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ನಾನು ಒಂದು ಎರಡು ಅಂತ ಎಣಿಸುತ್ತಾ ಕೂರುತ್ತೇನೆ, ಏಳಕ್ಕೋ ಎಂಟಕ್ಕೋ ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಮತ್ತೆ ಶುರು ಮಾಡುತ್ತಾಳೆ. ಹೆದರಿ ಅಂಗಾಲು ತಟ್ಟಿದರೆ ಬೆಚ್ಚಿಬಿದ್ದು ಅಳುತ್ತಾಳೆ, ಮನೆಯೆಲ್ಲ ಎದ್ದು ಕೂರುತ್ತದೆ.

ಅವ್ವ "ಸೆಟವಿ ಆಡಸ್ತಾಳ, ಮುಟ್ಟಬ್ಯಾಡ" ಅನ್ನುತ್ತಾರೆ, ಸೆಟವಿ ಅಂದರೆ ಎಳೆಗೂಸನ್ನು ನಿದ್ದೆಯಲ್ಲಿ ಆಡಿಸುವ ದೇವತೆಯಂತೆ. ನೋಡಲು ಬಂದ ದೊಡ್ಡಮ್ಮ "ಅಂಗಾತ ಮಲಗಿಸಿದ್ರ ಹಾಲು ನೆತ್ತಿಗೆ ಏರತದ, ಬೋರಲು ಹಾಕು" ಅಂದರು. ನಿನ್ನೆ ಮಧ್ಯಾಹ್ನ ಹಾಗೇ ಮಾಡಿದೆವು. ಖರೇ ಹೇಳಬೇಕಂದ್ರೆ ಮೂರು ತಾಸು ಕದಲಲೇ ಇಲ್ಲ, ನನಗೂ ಒಂದಿಷ್ಟು ನಿದ್ದೆ ಸಿಕ್ಕಿತು. ಹಾಗಾದರೆ ಬೋರಲು ಮಲಗಿಸುವುದೇ ಒಳ್ಳೆಯದಾ? ಪುಣೆಯಲ್ಲಿರುವ ಯಜಮಾನರು ಕೂಸಿನ ಆಕ್ಸಿಜನ್, ಎದೆಬಡಿತ ನೋಡಿ ಏರುಪೇರಾದರೆ ಕೂಗುವ, ಕಾಲಿಗೆ ಹಾಕುವ ಸಾಕ್ಸಿನಂಥ ಮಷಿನ್ ತರಿಸುತ್ತೇನೆ ಅನ್ನುತ್ತಿದ್ದಾರೆ, ಅದೂ ತುಟ್ಟಿ.

ಬೆಳಗಾವಿ ನರ್ಸಕ್ಕ

ತಂಗಿ, ಮಕ್ಕಳ ವಾರ್ಡಿನಲ್ಲಿ ನನಗೆ 11 ವರ್ಷ ಆಯಿತು. ನೀನು ಹೇಳುವ ಏಳು-ಎಂಟು ಎಣಿಕೆ ನನಗೆ ಹೊಸದಲ್ಲ. ಇದಕ್ಕೆ ಪೀರಿಯಾಡಿಕ್ ಬ್ರೀದಿಂಗ್ ಅಂತಾರೆ. ಐದರಿಂದ ಹತ್ತು ಸೆಕೆಂಡು ನಿಲ್ಲುತ್ತದೆ, ತಾನಾಗಿಯೇ ಶುರುವಾಗುತ್ತದೆ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಜಾಸ್ತಿ. ಮಾಳಿಗೆ ಮೇಲಿನ ಟಾಕಿಗೆ ಆಟೋ ಸ್ವಿಚ್ ಇರುತ್ತದಲ್ಲ, ನೀರು ತುಂಬಿದರೆ ಮೋಟರು ಬಂದ್, ಇಳಿದರೆ ಚಾಲೂ, ಹಾಗೇ ಇದು. ಮಿದುಳಿನ ಬುಡದಲ್ಲಿ ಉಸಿರಾಟ ನೋಡಿಕೊಳ್ಳುವ ಭಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ನೋಡುತ್ತಿರುತ್ತದೆ. ಜೋರಾಗಿ ಉಸಿರಾಡಿದಾಗ ಅದು ಇಳಿಯುತ್ತದೆ, ಉಸಿರು ನಿಲ್ಲುತ್ತದೆ, ಮತ್ತೆ ಏರಿದಾಗ ಶುರು. ಎಳೆಗೂಸಿನಲ್ಲಿ ಈ ಸ್ವಿಚ್ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಕಡಿಮೆಯಾಗುತ್ತದೆ. ಅದೂ ಅಲ್ಲದೆ ಎಳೆಗೂಸಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಚಟುವಟಿಕೆಯ ನಿದ್ದೆ, ರೆಪ್ಪೆಯೊಳಗೆ ಕಣ್ಣು ಓಡಾಡುತ್ತದೆ, ತುಟಿ ನಗುತ್ತದೆ, ಉಸಿರು ಏರುಪೇರು. ನಿಮ್ಮವ್ವ ಸೆಟವಿ ಅನ್ನುವುದು ಬಹುಶಃ ಇದನ್ನೇ.

ಆದರೆ 20 ಸೆಕೆಂಡು ದಾಟಿದರೆ, ಅಥವಾ ಅಷ್ಟು ಆಗದಿದ್ದರೂ ತುಟಿ ನೀಲಿ ಆದರೆ, ಮುಖ ಬಿಳಿಚಿಕೊಂಡರೆ, ಮೈ ಜೋತುಬಿದ್ದರೆ ಕಾಯಬೇಡ, 108ಕ್ಕೆ ಫೋನ್ ಮಾಡು. ಸುಮ್ಮನೆ ಮಲಗಿದಾಗ ಪೂರ್ತಿ ಒಂದು ನಿಮಿಷ ಎಷ್ಟು ಸಲ ಉಸಿರಾಡುತ್ತಾಳೆ ಅಂತ ಎಣಿಸಿ ನೋಡು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡ, ಈ ಮಕ್ಕಳಲ್ಲಿ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಮೇಲೆ ಇದ್ದರೆ ಮತ್ತೊಮ್ಮೆ ಎಣಿಸು, ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಪಕ್ಕೆ ಒಳಗೆ ಸೆಳೆದರೂ, ಹಾಲು ಕುಡಿಯುವುದು ಬಿಟ್ಟರೂ ಅಷ್ಟೇ. 42ನೇ ದಿನಕ್ಕೆ ಆಶಾ ಅಕ್ಕ ಬರುತ್ತಾರಲ್ವಾ, ಅವರ ಹತ್ತಿರವೂ ಎಣಿಸಿಸು.

ನನಗೆ ಹೆದರಿಕೆ ಆಗಿದ್ದು ನಿನ್ನ ಇನ್ನೊಂದು ಮಾತಿಗೆ. ಮೂರು ತಾಸು ಕದಲಲಿಲ್ಲ ಅಂದೆಯಲ್ಲ, ಅದು ಖುಷಿಪಡುವ ವಿಷಯ ಅಲ್ಲ. ಮೂಗಿಗೆ ಬಟ್ಟೆ ಅಡ್ಡ ಬಂದರೆ ಕೂಸು ಮೊದಲು ನಿಟ್ಟುಸಿರು ಬಿಡುತ್ತದೆ, ಆಮೇಲೆ ಬೆಚ್ಚುತ್ತದೆ, ಕೈಕಾಲು ಬಡಿಯುತ್ತದೆ, ತಲೆ ಹೊರಳಿಸುತ್ತದೆ, ಕೊನೆಗೆ ಎದ್ದು ಅಳುತ್ತದೆ. ಅದಕ್ಕಿರುವ ಕಾವಲು ಇದೊಂದೇ. ಬೋರಲು ಮಲಗಿದಾಗ ಈ ಎಚ್ಚರ ಮಂದವಾಗುತ್ತದೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಸಾಧ್ಯತೆಯೂ ಇರುತ್ತದೆ, ಮೈ ಬೇಗ ಕಾಯುತ್ತದೆ. ನಿದ್ದೆಯಲ್ಲೇ ಮಕ್ಕಳು ಕಾರಣ ತಿಳಿಯದೆ ತೀರಿಕೊಳ್ಳುವುದು ಎರಡರಿಂದ ನಾಲ್ಕು ತಿಂಗಳಲ್ಲಿ ಜಾಸ್ತಿ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ಪ್ರಚಾರ ಮಾಡಿದ ಮೇಲೆ ಇಂಥ ಸಾವು ಅರ್ಧಕ್ಕಿಂತ ಕೆಳಗೆ ಇಳಿದವು.

ಹಾಲು ನೆತ್ತಿಗೇರುವ ಹೆದರಿಕೆ ಬೇಡ. ಅಂಗಾತ ಮಲಗಿದಾಗ ಉಸಿರುನಾಳ ಮೇಲಿರುತ್ತದೆ, ಅನ್ನನಾಳ ಕೆಳಗೆ. ಕಕ್ಕಿದ್ದು ಮೇಲೆ ಹತ್ತಬೇಕಲ್ಲ!

ಜಮಖಂಡಿ ಆಯಿ

ನಾನು ನಾಲ್ಕು ಮಕ್ಕಳನ್ನು ಬೋರಲು ಹಾಕಿಯೇ ಬೆಳೆಸಿದ್ದೇನೆ, ಯಾರಿಗೂ ಏನೂ ಆಗಿಲ್ಲ. ಈಗ ಎಲ್ಲದಕ್ಕೂ ಹೆದರುತ್ತಾರೆ. ಅಂಗಾತ ಮಲಗಿಸಿದರೆ ತಲೆ ಹಿಂದೆ ಚಪ್ಪಟೆ ಆಗುತ್ತದೆ, ಸಾಸಿವೆ ದಿಂಬು ಇಟ್ಟರೆ ಅದೂ ಸರಿಹೋಗುತ್ತದೆ.

ಬೆಳಗಾವಿ ನರ್ಸಕ್ಕ

ಆಯಿ, ನಿಮ್ಮ ನಾಲ್ಕೂ ಮಕ್ಕಳು ಚೆನ್ನಾಗಿರಲಿ. ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳಿಗೆ ಏನೂ ಆಗುವುದಿಲ್ಲ, ಅದಕ್ಕೇ ಇದು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಯಾವ ಕೂಸಿನ ಎಚ್ಚರ ಮಂದ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ತಲೆ ಚಪ್ಪಟೆ ಆಗಬಾರದು ಅಂದರೆ ಎಚ್ಚರವಿದ್ದಾಗ, ಪಕ್ಕದಲ್ಲಿ ಯಾರಾದರೂ ಕೂತು, ಸ್ವಲ್ಪ ಹೊತ್ತು ಬೋರಲು ಆಡಿಸಿ. ದಿಂಬು ಮಾತ್ರ ಬೇಡ, ಸಾಸಿವೆಯದೂ ಬೇಡ.

ಅಥಣಿ ಅಪ್ಪ

ಸಾಕ್ಸಿನ ಮಷಿನ್ ಬಗ್ಗೆ ನಾನು ಹೇಳುತ್ತೇನೆ. ನಾವು ತರಿಸಿದ್ದೆವು. ಕಾಲಿನಿಂದ ಜಾರಿದರೆ ಕೂಗುತ್ತಿತ್ತು, ವೈಫೈ ಹೋದರೆ ಕೂಗುತ್ತಿತ್ತು. ಒಂದು ವಾರದಲ್ಲಿ ಕೂಸಿಗಿಂತ ನಾನೇ ಜಾಸ್ತಿ ಬೆಚ್ಚುತ್ತಿದ್ದೆ. ಆಮೇಲೆ ನಮ್ಮ ಡಾಕ್ಟರು, ಆರೋಗ್ಯವಾಗಿರುವ ಕೂಸಿಗೆ ಇಂಥದ್ದು ಹಾಕಿದರೆ ಸಾವು ತಪ್ಪುತ್ತದೆ ಅಂತ ಸಾಬೀತಾಗಿಲ್ಲ ಅಂದರು. ಮೊದಲೇ ಕೇಳಿದ್ದರೆ ರೊಕ್ಕ ಉಳಿಯುತ್ತಿತ್ತು.

ಇನ್ನೊಂದು. ವಿಜಯಪುರದ ಬಿಸಿಲಲ್ಲಿ ಕುಲಾಯಿ ಕಟ್ಟಿ, ಕೌದಿ ಹೊದಿಸಿ, ಬಾಗಿಲು ಹಾಕಿ ಕೆಳಗೆ ಶೇಗಡಿ ಇಟ್ಟಿಲ್ಲ ತಾನೇ? ನಮ್ಮ ಮನೆಯಲ್ಲಿ ಇಟ್ಟಿದ್ದರು. ಡಾಕ್ಟರು ಮಷಿನ್ ಬಿಟ್ಟು ಮೊದಲು ಅದನ್ನೇ ಬೈದರು. ಕೂಸು ಜಾಸ್ತಿ ಕಾದರೂ ಅಪಾಯವಂತೆ, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಗಾಳಿ ಬಾಣಂತಿಗೂ ವಿಷ. ಮಾವನವರ ಬೀಡಿಯೂ ಅವತ್ತೇ ಅಂಗಳಕ್ಕೆ ಹೋಯಿತು.

ವಿಜಯಪುರದ ಬಾಣಂತಿ

ಶೇಗಡಿ ಇತ್ತು ಅಣ್ಣಾ. ನಿನ್ನೆ ತೆಗೆಸಿದೆ. ಕೌದಿ ಮಡಚಿ ಟ್ರಂಕಿಗೆ ಹೋಯಿತು, ಕುಲಾಯಿ ಹೊರಗೆ ಹೋಗುವಾಗ ಮಾತ್ರ. ದೊಡ್ಡಮ್ಮ ಮುನಿಸಿಕೊಂಡು ಊರಿಗೆ ಹೋದರು, ಇರಲಿ.

ರಾತ್ರಿ ಅಂಗಾತ ಮಲಗಿಸಿ ಪೂರ್ತಿ ನಿಮಿಷ ಎಣಿಸಿದೆ ಅಕ್ಕಾ, 46 ಬಂತು. ನಡುವೆ ನಿಂತಾಗ ಅಂಗಾಲು ತಟ್ಟಲಿಲ್ಲ, ಕೈ ಕಟ್ಟಿಕೊಂಡು ಕೂತೆ. ಅವ್ವನೂ ಪಕ್ಕದಲ್ಲಿ ಬಂದು ಕೂತು ಬೆರಳು ಮಡಚುತ್ತಾ "ಏಳಾತು, ಎಂಟಾತು... ಹಾಂ, ಬಿಟ್ಟಳು ನೋಡು ಸೆಟವಿ" ಅಂದರು.