ಬ್ಯಾಂಡ್ ಕ್ಲಾಸಿಗೂ ಲೈಬ್ರರಿಗೂ ಕತ್ತರಿ ಅಂತಿದ್ದಾರೆ: ಪೋಷಕರು ಯಾರನ್ನ ಕೇಳಬೇಕು?

ತುಮಕೂರಿನ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವಿರೋದು ಕ್ಯಾಲಿಫೋರ್ನಿಯಾದ ಈಸ್ಟ್ ಬೇ ಕಡೆ. ಮಗಳು ನಾಲ್ಕನೇ ಕ್ಲಾಸು, ಮಗ ಒಂದನೇ ಕ್ಲಾಸು. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ (ಈ ಭಾಗದ ಸರ್ಕಾರಿ ಶಾಲೆಗಳನ್ನ ನಡೆಸೋ ಸ್ಥಳೀಯ ಸಂಸ್ಥೆ) ಇಮೇಲ್ ಬಂದಿದೆ. ಮಕ್ಕಳ ಸಂಖ್ಯೆ ಇಳಿದಿದೆ, ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ಕೊಟ್ಟಿದ್ದ ಹಣ ಮುಗಿದಿದೆ, ಮುಂದಿನ ವರ್ಷ ಖರ್ಚು ಕಡಿಮೆ ಮಾಡಲೇಬೇಕು ಅಂತ. ಪಟ್ಟಿಯಲ್ಲಿ ಮೊದಲಿಗೇ ಕಾಣೋದು ಬ್ಯಾಂಡ್ ಕ್ಲಾಸು ಮತ್ತು ಲೈಬ್ರರಿ. ಮಗಳು ಈ ವರ್ಷವಷ್ಟೇ ಕ್ಲಾರಿನೆಟ್ ಶುರು ಮಾಡಿದ್ದಾಳೆ, ಊಟಕ್ಕೆ ಕರೆದರೂ ಬರಲ್ಲ, ಅಷ್ಟು ಆಸೆ. ಮುಂದಿನ ವರ್ಷದ ಸೈನ್ಸ್ ಕ್ಯಾಂಪಿಗೆ ಮನೆಯವರೇ ದುಡ್ಡು ಕೊಡಬೇಕು, ಕೊಡದಿದ್ದರೆ ಕಷ್ಟ ಅಂತ ಇನ್ನೊಬ್ಬ ಪೋಷಕರು ಹೇಳಿದರು. ಇಷ್ಟೊಂದು ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಲ್ಲ, ಅದೆಲ್ಲ ಎಲ್ಲಿ ಹೋಗುತ್ತೆ? ಪಿಟಿಎಗೆ (ಪೋಷಕರು-ಟೀಚರ್‌ಗಳ ಸಂಘಕ್ಕೆ) ಚೆಕ್ ಬರೆದು ಸುಮ್ಮನಿರೋದೊಂದೇ ದಾರಿನಾ?

ಹಾಸನದವಳು:
ಸುಮ್ಮನಿರಬೇಡಿ. ಮಕ್ಕಳು ಎಲಿಮೆಂಟರಿಯಲ್ಲಿದ್ದಾಗ ನಾನು ಸ್ಕೂಲ್ ಸೈಟ್ ಕೌನ್ಸಿಲ್ ಅನ್ನೋ ಶಾಲಾ ಸಮಿತಿಯಲ್ಲಿ ಪೋಷಕರ ಪರವಾಗಿ ಕೂತಿದ್ದವಳು. ಬಜೆಟ್ ಓದೋಕೆ ಕಲಿತಿದ್ದು ಅಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಟ್ಯಾಕ್ಸ್ ವಿಷಯ. 1978ರಲ್ಲಿ ಮತದಾರರೇ ಪಾಸ್ ಮಾಡಿದ ಪ್ರೊಪೊಸಿಷನ್ 13 ಅನ್ನೋ ಕಾನೂನಿನ ಪ್ರಕಾರ ಮೂಲ ತೆರಿಗೆ ಮನೆಯ ನಿಗದಿತ ಮೌಲ್ಯದ ಶೇ. 1 ಮಾತ್ರ. ಮನೆ ಕೈ ಬದಲಾಗೋ ತನಕ ಆ ಮೌಲ್ಯ ವರ್ಷಕ್ಕೆ ಹೆಚ್ಚೆಂದರೆ ಶೇ. 2 ಏರುತ್ತೆ. ಈಗ ಕೊಂಡವರ ಮೇಲೆ ಭಾರ, ಎಂಬತ್ತರ ದಶಕದಲ್ಲಿ ಕೊಂಡ ಪಕ್ಕದ ಮನೆಯವರಿಗೆ ಹಗುರ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 2013ರಿಂದ ಒಂದೊಂದು ಡಿಸ್ಟ್ರಿಕ್ಟ್‌ಗೆ ಎಷ್ಟು ಸಿಗಬೇಕು ಅಂತ ರಾಜ್ಯವೇ ಎಲ್‌ಸಿಎಫ್‌ಎಫ್ ಅನ್ನೋ ಸೂತ್ರದಲ್ಲಿ ಲೆಕ್ಕ ಹಾಕುತ್ತೆ. ನಿಮ್ಮೂರಿನ ಪ್ರಾಪರ್ಟಿ ಟ್ಯಾಕ್ಸನ್ನ ಅದರಲ್ಲಿ ಮೊದಲು ಹಿಡಿದು, ಉಳಿದದ್ದನ್ನ ರಾಜ್ಯ ತುಂಬಿಕೊಡುತ್ತೆ. ಊರಿನ ತೆರಿಗೆ ಜಾಸ್ತಿ ಬಂದರೆ ರಾಜ್ಯದ ಪಾಲು ಇಳಿಯುತ್ತೆ, ಶಾಲೆಯ ಕೈಗೆ ಬರೋದು ಮೊದಲಿನಷ್ಟೇ. ಪಾಲೋ ಆಲ್ಟೋದಂಥ ಕೆಲವು ಕಡೆ ಸ್ಥಳೀಯ ತೆರಿಗೆಯೇ ಆ ಲೆಕ್ಕ ಮೀರುತ್ತೆ. ಅಂಥವರನ್ನ ಬೇಸಿಕ್ ಏಡ್ ಅಂತಾರೆ, ಹೆಚ್ಚಿದ್ದನ್ನ ಅವರೇ ಇಟ್ಟುಕೊಳ್ಳಬಹುದು. ನಿಮ್ಮದು ಯಾವುದು ಅಂತ ಮೊದಲು ತಿಳ್ಕೊಳ್ಳಿ.

ಬೇಸಿಕ್ ಏಡ್ ಅಲ್ಲದಿದ್ದರೆ ಹಾಜರಾತಿಯೇ ದುಡ್ಡು. ರಾಜ್ಯ ನೋಡೋದು ಎಷ್ಟು ಮಕ್ಕಳು ಸೇರಿದ್ದಾರೆ ಅಂತಲ್ಲ, ದಿನಕ್ಕೆ ಸರಾಸರಿ ಎಷ್ಟು ಮಕ್ಕಳು ಬಂದರು ಅಂತ. ಒಂದು ಮಗುವಿಗೆ ವರ್ಷಕ್ಕೆ ಸುಮಾರು 11,000 ಡಾಲರ್ ಅಂತಿಟ್ಟುಕೊಂಡು 180 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 60 ಡಾಲರ್ ಆಯ್ತು. ಡಿಸೆಂಬರ್‌ನಲ್ಲಿ ರಜೆಗೆ ಎರಡು ವಾರ ಸೇರಿಸಿಕೊಂಡು ಬೆಂಗಳೂರಿಗೆ ಹೋಗೋರು ನಮ್ಮವರಲ್ಲಿ ಎಷ್ಟು ಜನ ಇಲ್ಲ! ಅಜ್ಜಿ ತಾತನ್ನ ನೋಡೋಕೆ ಹೋಗಲೇಬೇಕು, ಬೇಡ ಅನ್ನಲ್ಲ. ಆದರೆ ಹೊರಡೋ ಮೊದಲು ಆಫೀಸಿನಲ್ಲಿ ಇಂಡಿಪೆಂಡೆಂಟ್ ಸ್ಟಡಿ ಕಾಂಟ್ರಾಕ್ಟ್ ಕೇಳಿ ಸಹಿ ಮಾಡಿ. ಕೊಟ್ಟ ಪಾಠವನ್ನ ಮಗು ಮಾಡಿ ಒಪ್ಪಿಸಿದರೆ ಆ ದಿನಗಳೂ ಹಾಜರಿಗೆ ಬರ್ತವೆ.

ಇನ್ನು ಬ್ಯಾಂಡು. 2022ರ ನವೆಂಬರ್‌ನಲ್ಲಿ ಮತದಾರರು ಪ್ರೊಪೊಸಿಷನ್ 28 ಪಾಸ್ ಮಾಡಿದರು. ಸಂಗೀತ, ಚಿತ್ರಕಲೆ, ನಾಟಕ, ನೃತ್ಯಕ್ಕೆ ಅಂತಲೇ ಮೀಸಲಾದ ಹಣ ಅದು. 500 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರೋ ಡಿಸ್ಟ್ರಿಕ್ಟ್‌ನಲ್ಲಿ ಶೇ. 80ರಷ್ಟಾದರೂ ಕಲಿಸೋರ ಸಂಬಳಕ್ಕೆ ಹೋಗಬೇಕು. ಮೊದಲೇ ಇದ್ದ ಕಲಾ ಖರ್ಚನ್ನ ತೆಗೆದು ಆ ಜಾಗಕ್ಕೆ ಇದನ್ನ ಹಾಕೋ ಹಾಗಿಲ್ಲ, ಅದರ ಮೇಲೆ ಸೇರಬೇಕು. ಆದ್ದರಿಂದ "ಬ್ಯಾಂಡ್ ಉಳಿಸಿ" ಅಂತ ಬೇಡಿಕೊಳ್ಳೋದಕ್ಕಿಂತ "ನಮ್ಮ ಶಾಲೆಗೆ ಬಂದ 28ರ ಹಣ ಎಷ್ಟು, ಅದರಲ್ಲಿ ಯಾರನ್ನ ನೇಮಿಸಿದ್ದೀರಿ?" ಅಂತ ಕೇಳಿ. ಈ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಕೊಡಬೇಕಾಗುತ್ತೆ.

ಕ್ಯಾಂಪಿಗೆ ದುಡ್ಡು ಕೇಳಬಹುದು, ಕಡ್ಡಾಯ ಮಾಡೋ ಹಾಗಿಲ್ಲ. ಪಬ್ಲಿಕ್ ಶಾಲೆ ಪಠ್ಯೇತರ ಚಟುವಟಿಕೆಗೂ ಫೀಸು ಹಾಕಬಾರದು ಅಂತ ಈ ರಾಜ್ಯದ ಸುಪ್ರೀಂ ಕೋರ್ಟ್ 1984ರಲ್ಲೇ ತೀರ್ಪು ಕೊಟ್ಟಿದೆ. ಮನೆಯವರ ಹತ್ತಿರ ಹಣ ಇಲ್ಲ ಅಂತ ಯಾವ ಮಗುವನ್ನೂ ಬಿಟ್ಟು ಹೋಗೋ ಹಾಗಿಲ್ಲ. ನಿಮಗೆ ಕೊಡೋ ಶಕ್ತಿ ಇದ್ದರೆ ಕೊಡಿ. ಆದರೆ "ಕೊಡದಿದ್ದರೆ ಕಷ್ಟ" ಅನ್ನೋ ಮಾತು ಇನ್ನೊಂದು ಮನೆಗೆ ಹೋಗೋದನ್ನ ತಡೀರಿ. ಅದು ಕಿವಿಗೆ ಬಿದ್ದ ಮಗು ತಾನೇ ಕ್ಯಾಂಪ್ ಬೇಡ ಅಂದುಬಿಡುತ್ತೆ.

ದಾವಣಗೆರೆ ಅಪ್ಪ:
ಮೇಡಂ ಎಲ್ಲಾ ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸ್ತೀನಿ: ನಾವು ಎಚ್-1ಬಿ ವೀಸಾದವರು, ನಮಗೆ ಓಟಿಲ್ಲ, ನಮ್ಮ ಮಾತು ಯಾರು ಕೇಳ್ತಾರೆ ಅಂತ ಅಂದ್ಕೊಬೇಡಿ. ಪಾರ್ಸೆಲ್ ಟ್ಯಾಕ್ಸ್‌ಗೆ (ಶಾಲೆಗಳಿಗಾಗಿ ಒಂದೊಂದು ಆಸ್ತಿಯ ಮೇಲೆ ಹಾಕೋ ಸ್ಥಳೀಯ ತೆರಿಗೆ) ಮತ ಹಾಕೋಕೆ ಪೌರತ್ವ ಬೇಕು, ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿಯ ಬೋರ್ಡ್ ಮೀಟಿಂಗಲ್ಲಿ ಮಾತಾಡೋಕೆ ಬೇಡ. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು ಅಂತ ಕಾನೂನಿದೆ. ಮಾರ್ಚ್ 15ರೊಳಗೆ ಟೀಚರ್‌ಗಳಿಗೆ ಲೇಆಫ್ ನೋಟಿಸ್ ಹೋಗುತ್ತೆ, ಬಜೆಟ್ ಜೂನ್ ಮುಗಿಯೋದರೊಳಗೆ ಪಾಸ್ ಆಗುತ್ತೆ. ಅದರ ಜೊತೆಗೇ ಎಲ್‌ಸಿಎಪಿ ಅಂತ ಮೂರು ವರ್ಷದ ಯೋಜನೆಗೂ ಸಾರ್ವಜನಿಕ ಸಭೆ ಇರುತ್ತೆ. ಜೂನ್‌ನಲ್ಲಿ ಹೋದರೆ ಎಲ್ಲಾ ತೀರ್ಮಾನ ಆಗಿರುತ್ತೆ, ಈಗಲೇ ಹೋಗಿ.

ಹಾಸನದವಳು:
ಹೌದು, ಮಾರ್ಚ್‌ಗೆ ಮೊದಲೇ. ಲೈಬ್ರರಿಯ ವಿಷಯ ಬಿಟ್ಟುಬಿಡಬೇಡಿ. ಬ್ಯಾಂಡ್ ಪರವಾಗಿ ಮಾತಾಡೋಕೆ ಹತ್ತು ಜನ ಬರ್ತಾರೆ, ಲೈಬ್ರರಿ ಪರವಾಗಿ ಯಾರೂ ಬರಲ್ಲ. ಮನೆಯಲ್ಲಿ ಇಂಗ್ಲಿಷ್ ಪುಸ್ತಕ ಇಲ್ಲದ ಮಕ್ಕಳಿಗೆ ಆಸರೆ ಅದೇ.

ತುಮಕೂರಿನ ಅಮ್ಮ:
ತುಂಬಾ ಧನ್ಯವಾದ ಅಕ್ಕ, ಧನ್ಯವಾದ ಸರ್. ನಮ್ಮದು ಬೇಸಿಕ್ ಏಡ್ ಅಲ್ಲ ಅಂತ ಆಫೀಸಿನಲ್ಲಿ ಹೇಳಿದರು. 28ರ ಪ್ರಶ್ನೆಯನ್ನ ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿದ್ದೀನಿ. ಮುಂದಿನ ಬೋರ್ಡ್ ಮೀಟಿಂಗಲ್ಲಿ ನಾನು ಲೈಬ್ರರಿ ಬಗ್ಗೆ ಮಾತಾಡ್ತೀನಿ, ಮಗಳು ಬ್ಯಾಂಡ್ ಬಗ್ಗೆ ತಾನೇ ಮಾತಾಡ್ತಾಳಂತೆ. ಇದೇ ಡಿಸ್ಟ್ರಿಕ್ಟ್‌ನ ಕನ್ನಡದವರು ಯಾರಾದರೂ ಬರೋದಿದ್ದರೆ ಇಲ್ಲೇ ತಿಳಿಸಿ, ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ.