1940ರ ಫೋರ್ಡ್ ಕೂಪೆ: ಹಿಂಭಾಗ ವಿಪರೀತ ಎತ್ತರ, ತಿರುವಿನಲ್ಲಿ ಜಿಗಿತ, ನಿಧಾನಗತಿಯಲ್ಲಿ ಎಂಜಿನ್ ಕುದಿಯುತ್ತದೆ

ಪೀಡ್ಮಾಂಟ್_ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ನೆಲೆಸಿದ್ದೇನೆ. ಇತ್ತೀಚೆಗೆ 1940ರ ಫೋರ್ಡ್ ಕೂಪೆಯೊಂದನ್ನು (ಎರಡು ಬಾಗಿಲಿನ ಕಾರು) ಕೊಂಡೆ. ಒಂದು ಕಾಲದಲ್ಲಿ ಇದು ವಿಲ್ಕ್ಸ್ ಕೌಂಟಿಯ ಬೆಟ್ಟಗಳಿಂದ ಕಳ್ಳಭಟ್ಟಿ ಸಾಗಿಸುತ್ತಿದ್ದ ಗಾಡಿ ಎಂದು ಮಾರಿದವರು ಹೇಳಿದರು. ಅದು ನಿಜವೋ ಸುಳ್ಳೋ, ಸದ್ಯಕ್ಕೆ ನನ್ನನ್ನು ಕಾಡುತ್ತಿರುವುದು ಬೇರೆ ವಿಷಯ.

ಗಾಡಿಯ ಹಿಂಭಾಗ ಮುಂಭಾಗಕ್ಕಿಂತ ಸುಮಾರು ಅರ್ಧ ಅಡಿ ಎತ್ತರದಲ್ಲಿ ನಿಲ್ಲುತ್ತದೆ. ತಿರುವಿನಲ್ಲಿ ಸಣ್ಣ ಗುಂಡಿ ಸಿಕ್ಕರೂ ಹಿಂದಿನ ಚಕ್ರಗಳು ಪಕ್ಕಕ್ಕೆ ಜಿಗಿಯುತ್ತವೆ. ತೆರೆದ ರಸ್ತೆಯಲ್ಲಿ ಓಡುವಾಗ ಎಂಜಿನ್ ತಣ್ಣಗಿರುತ್ತದೆ, ಆದರೆ ಊರೊಳಗಿನ ಸಂಚಾರದಲ್ಲಿ ತೆವಳತೊಡಗಿದರೆ ರೇಡಿಯೇಟರ್ ಕುದಿಯುತ್ತದೆ. ಇವೆಲ್ಲದರ ಜೊತೆಗೆ ಬ್ರೇಕ್ ದೀಪ ಮತ್ತು ಹಿಂದಿನ ದೀಪಗಳು ಒಮ್ಮೊಮ್ಮೆ ಒಟ್ಟಿಗೇ ಆರಿಹೋಗುತ್ತವೆ. ಬಲ್ಬು, ಫ್ಯೂಸ್ ಎರಡೂ ಸರಿಯಾಗಿವೆ. ಎಂಜಿನ್ ಫೋರ್ಡ್ ಕಂಪನಿಯದೇ ಆದ ಮರ್ಕ್ಯುರಿಯ ಫ್ಲಾಟ್‌ಹೆಡ್ ವಿ8 (ವಾಲ್ವುಗಳು ಬ್ಲಾಕಿನಲ್ಲೇ ಇರುವ, ಎಂಟು ಸಿಲಿಂಡರಿನ ಹಳೆಯ ಮಾದರಿ). ಸ್ಥಳೀಯ ಮೆಕ್ಯಾನಿಕ್ ಹಿಂದಿನ ಸ್ಪ್ರಿಂಗನ್ನೇ ಬದಲಿಸಲು ಹೇಳುತ್ತಿದ್ದಾರೆ. ಬದಲಿಸಬೇಕೇ?

ಕಮಾನುಪಟ್ಟಿ:

ಸರ್, ಸ್ಪ್ರಿಂಗಿಗೆ ಕೈ ಹಚ್ಚುವ ಮುನ್ನ ಒಂದು ಪರೀಕ್ಷೆ ಮಾಡಿ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಡಿಕ್ಕಿಯಲ್ಲೂ ಸೀಟಿನ ಹಿಂದಿನ ಜಾಗದಲ್ಲೂ ಮರಳಿನ ಚೀಲಗಳನ್ನು ಹಂಚಿ ಇಡಿ. ಒಟ್ಟು ತೂಕ ಸುಮಾರು 350 ಕಿಲೋ ಇರಲಿ. ಆ ಭಾರ ಹೊತ್ತು ಗಾಡಿಯನ್ನು ಓಡಿಸಬೇಡಿ, ನಿಂತಲ್ಲೇ ಎತ್ತರ ಅಳೆಯಿರಿ. ಹಿಂಭಾಗ ಇಳಿದು ಗಾಡಿ ಮಟ್ಟಸವಾಗಿ ನಿಂತರೆ ನಿಮ್ಮ ಸ್ಪ್ರಿಂಗ್ ಕೆಟ್ಟಿಲ್ಲ, ಅದು ಯಾವ ಹೊರೆಗಾಗಿ ತಯಾರಾಯಿತೋ ಆ ಹೊರೆ ಈಗ ಗಾಡಿಯಲ್ಲಿಲ್ಲ, ಅಷ್ಟೇ.

350 ಎಂಬ ಲೆಕ್ಕ ಎಲ್ಲಿಂದ ಬಂತೆಂದರೆ, ಇಂತಹ ಕೂಪೆಯಲ್ಲಿ 100 ಗ್ಯಾಲನ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಳ್ಳಭಟ್ಟಿಯನ್ನು ತುಂಬುತ್ತಿದ್ದರು. 100 ಗ್ಯಾಲನ್ ಎಂದರೆ ಸುಮಾರು 378 ಲೀಟರ್. ಅರ್ಧದಷ್ಟು ಆಲ್ಕೊಹಾಲ್ ಇರುವ ಮದ್ಯ ನೀರಿಗಿಂತ ತುಸು ಹಗುರವಾದ್ದರಿಂದ ದ್ರವವೊಂದೇ 350 ಕಿಲೋ ಆಸುಪಾಸು ತೂಗುತ್ತದೆ. ಗಾಜಿನ ಜಾಡಿಗಳ ತೂಕ ಬೇರೆ. ಮೂಲ ಸ್ಪ್ರಿಂಗಿನ ಮೇಲೆ ಇಷ್ಟು ಹೇರಿದರೆ ಗಾಡಿಯ ಹಿಂಭಾಗ ನೆಲಕ್ಕೆ ಕುಸಿಯುತ್ತಿತ್ತು, ದಾರಿಯಲ್ಲಿ ನಿಂತ ತೆರಿಗೆ ಅಧಿಕಾರಿಗೆ ಅಷ್ಟೇ ಸಾಕಿತ್ತು. ಆದ್ದರಿಂದ ಸಾಗಿಸುವವರು ಸ್ಪ್ರಿಂಗಿಗೆ ಹೆಚ್ಚುವರಿ ಉಕ್ಕಿನ ಪಟ್ಟಿಗಳನ್ನು ಸೇರಿಸಿ, ತುಂಬಿದ ಗಾಡಿಯೂ ಖಾಲಿ ಗಾಡಿಯಂತೆ ಮಟ್ಟಸವಾಗಿ ಕಾಣುವ ಹಾಗೆ ಮಾಡುತ್ತಿದ್ದರು. ಇದರಿಂದಾಗಿ ಸರಕು ಇಳಿಸಿ ಮರಳುವಾಗ ಹಿಂಭಾಗ ಎದ್ದು ನಿಲ್ಲುತ್ತಿತ್ತು, ಅದನ್ನು ಕಂಡೂ ಅಧಿಕಾರಿಗಳು ಗಾಡಿಯನ್ನು ಗುರುತಿಸುತ್ತಿದ್ದರು.

1940ರ ಫೋರ್ಡಿನಲ್ಲಿ ಹಿಂದಿನ ಕಮಾನು (ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಒಂದೇ, ಅದು ಅಡ್ಡಲಾಗಿ ಕೂರುತ್ತದೆ. ಪಟ್ಟಿಗಳನ್ನು ಎಣಿಸಿ, ಬೇರೆ ದಪ್ಪದವು ಅಥವಾ ಬೇರೆ ಬಣ್ಣದ ತುಕ್ಕು ಹಿಡಿದವು ನಡುವೆ ಸೇರಿವೆಯೇ ನೋಡಿ. ತುದಿಗಳಲ್ಲಿರುವ ಶ್ಯಾಕಲ್‌ಗಳು (ಕಮಾನಿನ ತುದಿಯನ್ನು ಹಿಡಿದು ಅತ್ತಿತ್ತ ಆಡುವ ಕೊಂಡಿಗಳು) ಸರಿಯಾದ ಭಾರದಲ್ಲಿ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಬೇಕು. ಖಾಲಿ ಗಾಡಿಯಲ್ಲಿ ಅವು ಹಾಗೆ ನಿಲ್ಲದಿದ್ದರೆ ಕಮಾನು ಆಡುವುದೇ ಇಲ್ಲ. ಗುಂಡಿ ಸಿಕ್ಕಾಗ ಇಡೀ ಆಕ್ಸೆಲ್ ಎಗರುತ್ತದೆ. ನಿಮ್ಮ ಜಿಗಿತಕ್ಕೆ ಇದೇ ಕಾರಣವಿರಬಹುದು.

ಈ ಸ್ಪ್ರಿಂಗಿನ ವಿಷಯ ರೇಸಿನ ಚರಿತ್ರೆಯಲ್ಲೂ ಬರುತ್ತದೆ, ಅದೂ ನಿಮ್ಮ ರಾಜ್ಯದಲ್ಲೇ. 1949ರ ಜೂನ್ 19ರಂದು ಶಾರ್ಲಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಅಮೆರಿಕದ ಕಾರ್ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯು ಸಾಮಾನ್ಯ ಕಾರುಗಳ ಮೊದಲ ಸ್ಪರ್ಧೆಯನ್ನು ನಡೆಸಿತು. ಮೊದಲು ಗುರಿ ಮುಟ್ಟಿದವರು 1947ರ ಫೋರ್ಡ್ ಓಡಿಸಿದ ಗ್ಲೆನ್ ಡನವೇ. ಆದರೆ ಆ ಗಾಡಿಯ ಹಿಂದಿನ ಸ್ಪ್ರಿಂಗನ್ನು ಕಳ್ಳಭಟ್ಟಿ ಸಾಗಣೆಯವರ ರೀತಿಯಲ್ಲಿ ಮಾರ್ಪಡಿಸಿದ್ದು ತಪಾಸಣೆಯಲ್ಲಿ ಸಿಕ್ಕಿಬಿತ್ತು. ಗೆಲುವು ಲಿಂಕನ್ ಓಡಿಸಿದ ಜಿಮ್ ರೋಪರ್ ಪಾಲಾಯಿತು. ಆ ಫೋರ್ಡಿನ ಮಾಲೀಕ ಹ್ಯೂಬರ್ಟ್ ವೆಸ್ಟ್‌ಮೋರ್‌ಲ್ಯಾಂಡ್ ನ್ಯಾಯಾಲಯಕ್ಕೆ ಹೋಗಿ ಸೋತರು. ಬಿಗಿಯಾದ ಕಮಾನು ಮಣ್ಣಿನ ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುತ್ತಿತ್ತು ಎಂಬುದೇ ಆಕ್ಷೇಪದ ತಿರುಳು. ಡಾಂಬರಿನ ಮೇಲೆ ಗಾಡಿಯನ್ನು ಖಾಲಿ ಓಡಿಸುವ ನಿಮಗೆ ಆ ಲಾಭವೇನೂ ಇಲ್ಲ.

ಪೀಡ್ಮಾಂಟ್_ಕನ್ನಡಿಗ:

ತುಂಬಾ ಧನ್ಯವಾದಗಳು ಸರ್. ಮರಳಿನ ಚೀಲಗಳನ್ನು ಇಟ್ಟಾಗ ಗಾಡಿ ನಿಜಕ್ಕೂ ಮಟ್ಟಸವಾಗಿ ನಿಂತಿತು. ಕಮಾನಿನಲ್ಲಿ ಬೇರೆ ದಪ್ಪದ ಮೂರು ಪಟ್ಟಿಗಳಿವೆ. ರೇಡಿಯೇಟರಿನ ಮುಂದೆ ಒಂದು ಉಕ್ಕಿನ ತಗಡನ್ನು ಬೋಲ್ಟ್ ಹಾಕಿ ಕೂರಿಸಿರುವುದನ್ನೂ ಇಂದು ಗಮನಿಸಿದೆ. ಅದು ಏತಕ್ಕೆ?

ಆರು_ವೋಲ್ಟ್:

ಹಾಗಾದರೆ ನಿಮ್ಮ ಎರಡನೆಯ ತೊಂದರೆಗೆ ಉತ್ತರ ಅಲ್ಲೇ ಇದೆ. ಕಲ್ಲು ಹಾರುವ ಕಚ್ಚಾ ರಸ್ತೆಗಳಲ್ಲೂ, ಬೆನ್ನಟ್ಟುವವರು ಗುಂಡು ಹಾರಿಸುವ ಸಂದರ್ಭದಲ್ಲೂ ರೇಡಿಯೇಟರ್ ತೂತು ಬಿದ್ದರೆ ಆಟ ಮುಗಿಯುತ್ತಿತ್ತು, ಅದಕ್ಕಾಗಿ ಇಂತಹ ತಗಡು. ರಾತ್ರಿಯ ತಂಪಿನಲ್ಲಿ, ವೇಗವಾಗಿ ಹೋಗುವ ಗಾಡಿಗೆ ಅಂಚುಗಳಿಂದ ನುಗ್ಗುವ ಗಾಳಿಯೇ ಸಾಕಾಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಲ್ಲುವ ಗಾಡಿಗೆ ಸಾಲದು.

ಮೊದಲು ತಗಡನ್ನು ತೆಗೆದು ಓಡಿಸಿ ನೋಡಿ. ಆಮೇಲೂ ಕುದಿದರೆ ಎಂಜಿನ್ನಿನ ಒಳಗೆ ಹುಡುಕಬೇಕು. ಈ ಫ್ಲಾಟ್‌ಹೆಡ್‌ನಲ್ಲಿ ಹೊಗೆ ಹೊರಹೋಗುವ ದಾರಿ ಬ್ಲಾಕಿನ ಒಳಗಿಂದಲೇ, ನೀರಿನ ಜಾಡಿನ ಪಕ್ಕದಲ್ಲೇ ಸಾಗುತ್ತದೆ. ಪ್ರತಿ ಬದಿಯ ಮಧ್ಯದ ಎರಡು ಸಿಲಿಂಡರುಗಳಿಗೆ ಒಂದೇ ಬಾಯಿ. ಅಂದರೆ ಹೊರಗೆ ಹೋಗಬೇಕಾದ ಶಾಖದ ದೊಡ್ಡ ಪಾಲು ನೀರಿಗೇ ಸೇರುತ್ತದೆ. ಹಳೆಯ ಬ್ಲಾಕುಗಳಲ್ಲಿ ತುಕ್ಕು, ಕೆಲವೊಮ್ಮೆ ಎರಕದ ಮರಳು ಕೂಡ ಅಲ್ಲಿ ಗಡ್ಡೆ ಕಟ್ಟಿರುತ್ತದೆ. ಎರಡೂ ನೀರಿನ ಪಂಪುಗಳನ್ನು ಬಿಚ್ಚಿ, ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಿರಿ. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಂದೆ ಬಿದ್ದಿದ್ದರೂ ಎಂಜಿನ್ ಬಿಸಿಯಾಗುತ್ತದೆ, ಅದನ್ನೂ ಪರೀಕ್ಷಿಸಿ.

ಇನ್ನು ದೀಪಗಳು. ಬ್ರೇಕ್ ದೀಪವನ್ನು ಮಾಸ್ಟರ್ ಸಿಲಿಂಡರಿನ ಬಳಿಯ ಸ್ವಿಚ್ ಹೊತ್ತಿಸುತ್ತದೆ, ಹಿಂದಿನ ದೀಪ ಬೇರೆ ಸ್ವಿಚ್ಚಿನದು. ಎರಡೂ ಒಟ್ಟಿಗೇ ಆರುತ್ತಿದ್ದರೆ ನಡುವೆ ಎಲ್ಲೋ ಒಂದು ಸಮಾನ ಬಿಂದು ಇರಬೇಕು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕೈಯಾಡಿಸಿ, ಮೂಲ ವೈರಿಂಗಿನಲ್ಲಿಲ್ಲದ ಟಾಗಲ್ ಸ್ವಿಚ್ ಒಂದು ಸಿಗಬಹುದು. ಹಿಂದೆ ಬರುವ ಅಧಿಕಾರಿಗೆ ತಾನು ಎಲ್ಲಿ ಬ್ರೇಕ್ ಹಾಕಿದೆ, ಎಲ್ಲಿ ತಿರುಗಿದೆ ಎಂಬುದು ಕಾಣದಿರಲಿ ಎಂದು ಚಾಲಕರು ಹಿಂದಿನ ದೀಪಗಳನ್ನೆಲ್ಲ ಇದರಿಂದ ಆರಿಸುತ್ತಿದ್ದರು. ಸ್ವಿಚ್ ಹಳತಾದರೆ ಗಾಡಿ ಕುಲುಕಿದಾಗಲೆಲ್ಲ ತಾನಾಗಿಯೇ ಸಂಪರ್ಕ ಬಿಡುತ್ತದೆ. ನೆನಪಿಗಾಗಿ ಸ್ವಿಚ್ ಉಳಿಸಿಕೊಳ್ಳಿ, ತಂತಿಗಳನ್ನು ಮಾತ್ರ ಅದರಿಂದ ಬಿಡಿಸಿ ನೇರವಾಗಿ ಜೋಡಿಸಿ. ಈ ಕೆಲಸ ಮುಗಿಯುವವರೆಗೆ ದಯವಿಟ್ಟು ಕತ್ತಲಲ್ಲಿ ಗಾಡಿ ತೆಗೆಯಬೇಡಿ.

ಒಂದು ಮಾತು ಸೇರಿಸುತ್ತೇನೆ. ಇವೆಲ್ಲ ಇವೆ ಎಂದ ಮಾತ್ರಕ್ಕೆ ಗಾಡಿ ಅಸಲಿ ಎಂದಾಗುವುದಿಲ್ಲ. ಪ್ರದರ್ಶನಕ್ಕೆಂದೇ ಇಂತಹ ಕೂಪೆಗಳನ್ನು ತಯಾರಿಸುವವರು ಸಾಕಷ್ಟಿದ್ದಾರೆ. ನಿಜವಾಗಿ ಸರಕು ಹೊತ್ತ ಗಾಡಿಯ ಹೊರನೋಟ ಬಲು ಸಾಧಾರಣವಾಗಿರುತ್ತಿತ್ತು. 1940ರ ಫೋರ್ಡನ್ನು ಅವರು ಮೆಚ್ಚಿದ್ದಕ್ಕೆ ವಿ8 ಎಂಜಿನ್, ದೊಡ್ಡ ಡಿಕ್ಕಿಗಳಷ್ಟೇ ಕಾರಣವಲ್ಲ. ಊರಿನ ಪ್ರತಿ ಬೀದಿಯಲ್ಲೂ ಅಂಥದ್ದೊಂದು ಗಾಡಿ ಇರುತ್ತಿದ್ದುದರಿಂದ ಯಾರೂ ತಿರುಗಿ ನೋಡುತ್ತಿರಲಿಲ್ಲ. ತಗಡಿನ ಬೋಲ್ಟುಗಳು ಹೊಚ್ಚ ಹೊಸವಾಗಿದ್ದರೆ ಮಾರಿದವರ ಕಥೆಯೂ ಅಷ್ಟೇ ಹೊಸದು ಎಂದು ತಿಳಿಯಿರಿ.

ಪೀಡ್ಮಾಂಟ್_ಕನ್ನಡಿಗ:

ಬೋಲ್ಟುಗಳು ಹೊಸವೇ ಸರ್, ಆದರೆ ಸ್ಪ್ರಿಂಗಿನ ಪಟ್ಟಿಗಳು ಮತ್ತು ಡ್ಯಾಶ್‌ಬೋರ್ಡಿನ ಅಡಿಯ ಸ್ವಿಚ್ ಬಹಳ ಹಳೆಯವು. ತಗಡು ತೆಗೆದ ಮೇಲೆ ಊರೊಳಗೆ ಕುದಿಯುವುದು ನಿಂತಿದೆ, ದೀಪಗಳೂ ಸರಿಯಾಗಿವೆ. ಕಮಾನಿನ ಹೆಚ್ಚುವರಿ ಪಟ್ಟಿಗಳನ್ನು ನಾನೇ ಮನೆಯಲ್ಲಿ ತೆಗೆಯಬಹುದೇ?

ಕಮಾನುಪಟ್ಟಿ:

ತೆಗೆಯಬಹುದು, ಆದರೆ ಜಾಗರೂಕರಾಗಿರಿ. ನಡುವಿನ ಬೋಲ್ಟನ್ನು ಸುಮ್ಮನೆ ಬಿಚ್ಚಿದರೆ ಬಿಗಿದ ಪಟ್ಟಿಗಳು ಸಿಡಿದು ಕೈ ಮುರಿಯುವಷ್ಟು ಬಲ ಅದರಲ್ಲಿದೆ. ಕಮಾನನ್ನು ಗಾಡಿಯಿಂದ ಇಳಿಸಲು ಸ್ಪ್ರಿಂಗ್ ಸ್ಪ್ರೆಡರ್ (ಕಮಾನಿನ ತುದಿಗಳನ್ನು ಅಗಲಿಸಿ ಹಿಡಿಯುವ ಉಪಕರಣ) ಬಳಸಿ. ಇಳಿಸಿದ ಮೇಲೆ ನಡುವಿನ ಬೋಲ್ಟಿನ ಎರಡೂ ಬದಿಗೆ ಗಟ್ಟಿ ಕ್ಲ್ಯಾಂಪು ಹಾಕಿ, ಬೋಲ್ಟ್ ತೆಗೆದು, ಕ್ಲ್ಯಾಂಪುಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಮೂರನ್ನೂ ಒಮ್ಮೆಗೇ ತೆಗೆಯದೆ, ಎರಡು ತೆಗೆದು ಎತ್ತರ ನೋಡಿ. ಮರುಜೋಡಣೆಯಲ್ಲಿ ನಡುವಿನ ಬೋಲ್ಟಿನ ತಲೆ ಅಡ್ಡತೊಲೆಯ ರಂಧ್ರದಲ್ಲೇ ಕೂರಬೇಕು, ಇಲ್ಲದಿದ್ದರೆ ಗಾಡಿ ಒಂದು ಬದಿಗೆ ವಾಲುತ್ತದೆ. ಶ್ಯಾಕಲ್‌ನ ನಟ್ಟುಗಳನ್ನು ಗಾಡಿ ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಿರಿ. ಹಾಗೆಯೇ ಶಾಕ್ ಅಬ್ಸಾರ್ಬರುಗಳ ಎಣ್ಣೆ ನೋಡಿ. ಅವು ಒಣಗಿದ್ದರೆ ಪಟ್ಟಿ ತೆಗೆದ ಮೇಲೂ ಜಿಗಿತ ಸ್ವಲ್ಪ ಉಳಿಯುತ್ತದೆ.