ಟ್ರಾಲ್ ಬೋಟಿಗೆ ಟ್ಯಾಬ್ ಸಾಕೇ?

ಮಂಜೇಶ್ವರದ ಪಾಲುದಾರ:
ನಾಲ್ವರ ಪಾಲಿನ ಟ್ರಾಲ್ ಬೋಟ್ ನಮ್ಮದು. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಬಲೆ ಎಳೆದು ಮೀನು ಹಿಡಿಯುವ ಇಂಥ ಬೋಟುಗಳಿಗೆ ಕೇರಳದ 52 ದಿನಗಳ ನಿಷೇಧ, ಬೋಟ್ ಕಟ್ಟಿ ನಿಂತಿದೆ, ರಿಪೇರಿಗೆ ಇದೇ ಸಮಯ. ಬೋಟ್ ಎಲ್ಲಿದೆ ಎಂದು ನಕ್ಷೆಯ ಮೇಲೆ ತೋರಿಸುವ ಕ್ಯಾಬಿನ್ನಿನ ಹಳೆಯ ಪ್ಲಾಟರ್ ಕೆಟ್ಟು ಹೋಗಿದೆ. ಹೊಸದಕ್ಕೆ ಅಷ್ಟು ಹಣ ಸುರಿಯುವುದು ಬೇಡ, ಹತ್ತು ಇಂಚಿನ ಟ್ಯಾಬ್ ತಂದು ನಕ್ಷೆಯ ಆ್ಯಪ್ ಹಾಕೋಣ, ಹವಾಮಾನವೂ ಅದರಲ್ಲೇ ಸಿಗುತ್ತದೆ ಎಂದು ನಮ್ಮಲ್ಲಿ ಕಿರಿಯವನ ಹಟ. ಇಬ್ಬರು ಒಪ್ಪುತ್ತಿಲ್ಲ. ನಾನು ನಡುವೆ ಸಿಕ್ಕಿಕೊಂಡಿದ್ದೇನೆ. ಕೇಳುವುದು ಎರಡೇ. ಟ್ಯಾಬನ್ನು ನಂಬಿ ದಾರಿ ಹಿಡಿಯಬಹುದೇ? ಅದು ತೋರಿಸುವ ಅಲೆಯ ಎತ್ತರವನ್ನು ನಂಬಿ ಕಡಲಿಗೆ ಇಳಿಯಬಹುದೇ? ಅನುಭವ ಇದ್ದವರು ಹೇಳಿ.

ಹಳೆಯ ತಂಡೇಲ:
ಬೋಟ್ ನಡೆಸಿದವನಾಗಿ ಹೇಳುತ್ತೇನೆ, ಎರಡಕ್ಕೂ ಒಂದೇ ಉತ್ತರ, ಬೇಡ. ದಡ ಕಣ್ಣಿಗೆ ಮರೆಯಾಗುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ನೆಟ್‌ವರ್ಕ್ ಇಲ್ಲದ ಟ್ಯಾಬ್ ಎಂದರೆ ಅಂಜಲ್ ಮೀನು ಕತ್ತರಿಸುವ ಹಲಗೆ, ಅಷ್ಟೇ. ದಿಕ್ಸೂಚಿ, ವೈರ್‌ಲೆಸ್, ನೀರಿನ ಆಳ ಅಳೆಯುವ ಎಕೋ ಸೌಂಡರ್ ಸರಿಯಾಗಿದ್ದರೆ ಬೋಟ್ ಮನೆಗೆ ಬರುತ್ತದೆ.

ಉಪ್ಪಳದ ಟ್ಯಾಬ್ ಅಂಗಡಿ:
"ನೆಟ್‌ವರ್ಕ್ ಇಲ್ಲದ ಟ್ಯಾಬ್" ಎಂಬ ಮಾತಿನಲ್ಲೇ ತಪ್ಪಿದೆ, ಅಣ್ಣಾ. ಸ್ಥಾನ ಹೇಳುವುದು ಮೊಬೈಲ್ ಟವರ್ ಅಲ್ಲ, ಉಪಗ್ರಹ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಟ್ಯಾಬ್ ಕೇಳಿಸಿಕೊಳ್ಳುತ್ತದೆ, ತಾನು ಏನನ್ನೂ ಕಳುಹಿಸುವುದಿಲ್ಲ. ದಡದಲ್ಲಿ ವೈಫೈ ಇರುವಾಗಲೇ ನಕ್ಷೆ ಇಳಿಸಿಕೊಂಡರೆ ಲಕ್ಷದ್ವೀಪದವರೆಗೂ ಹೋಗಿ ಬರಬಹುದು. ಸಿಮ್ ಬೇಡ, ಡೇಟಾ ಬೇಡ.

ಹಡಗಿನ ಎರಡನೇ ಅಧಿಕಾರಿ:
"ಸಿಮ್ ಬೇಡ" ಎಂದು ಇಷ್ಟು ಸಲೀಸಾಗಿ ಹೇಳಬೇಡಿ. ಐಪ್ಯಾಡಿನ ವೈಫೈ ಮಾದರಿಯಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಸಿಮ್ ಸೌಲಭ್ಯವಿರುವ ಸೆಲ್ಯುಲಾರ್ ಮಾದರಿಯಲ್ಲಿ ಮಾತ್ರ ಇದೆ. ವೈಫೈ ಮಾದರಿ ಸುತ್ತಲಿನ ರೂಟರುಗಳನ್ನು ನೋಡಿ ತಾನಿರುವ ಜಾಗ ಊಹಿಸುತ್ತದೆ. ಅಂಗಡಿಯೊಳಗೆ ಸರಿಯಾಗಿಯೇ ತೋರಿಸುತ್ತದೆ, ಗಿರಾಕಿ ಖುಷಿಯಾಗಿ ಹಣ ಕೊಡುತ್ತಾನೆ. ಕಡಲಿನಲ್ಲಿ ರೂಟರ್ ಎಲ್ಲಿಂದ ಬರಬೇಕು?

ಹಳೆಯ ತಂಡೇಲ:
ನೋಡಿದಿರಾ, ಹಡಗಿನವರೇ ಸಿಮ್ ಬೇಕು ಎಂದರು. ಸಿಮ್ ಎಂದರೆ ನೆಟ್‌ವರ್ಕ್. ನಾನು ಹೇಳಿದ್ದೂ ಅದನ್ನೇ.

ಉಪ್ಪಳದ ಟ್ಯಾಬ್ ಅಂಗಡಿ:
ಅವರು ಸಿಮ್ ಬೇಕು ಎನ್ನಲಿಲ್ಲ! ಸಿಮ್ ಹಾಕುವ ಜಾಗ ಇರುವ ಮಾದರಿ ಬೇಕು ಎಂದರು. ಜಾಗ ಖಾಲಿ ಇದ್ದರೂ ಚಿಪ್ ಕೆಲಸ ಮಾಡುತ್ತದೆ. ಅದೂ ಐಪ್ಯಾಡಿನ ಮಾತು. ಆಂಡ್ರಾಯ್ಡಿನಲ್ಲಿ ವೈಫೈ ಮಾದರಿಗಳಲ್ಲೂ ಜಿಪಿಎಸ್ ಇರುವಂಥವು ಸಾಕಷ್ಟಿವೆ. "ಅಂಗಡಿಯೊಳಗೆ ಗಿರಾಕಿ ಖುಷಿಯಾಗಿ" ಎಂಬ ಕೊಂಕು ಯಾರಿಗೆಂದು ನನಗೂ ತಿಳಿಯುತ್ತದೆ ಸಾರ್.

ಹಡಗಿನ ಎರಡನೇ ಅಧಿಕಾರಿ:
"ಸಾಕಷ್ಟಿವೆ" ಎಂದರೆ ಎಲ್ಲದರಲ್ಲೂ ಇಲ್ಲ ಎಂದಾಯಿತು. ನಾಲ್ವರ ಹಣ ಹಾಕುವ ಮನುಷ್ಯನಿಗೆ ಇದೇ ಬೇಕಾದ ಮಾಹಿತಿ. ಕೊಂಕು ನಿಮಗಲ್ಲ, ನೀವಾಗಿಯೇ ತೆಗೆದುಕೊಂಡರೆ ನಾನೇನು ಮಾಡಲಿ.

ಮಂಜೇಶ್ವರದ ಪಾಲುದಾರ:
ಸಿಮ್ ವಿಷಯ ಅರ್ಥವಾಯಿತು. ಅಲೆಯ ಎತ್ತರದ ಬಗ್ಗೆ ಯಾರಾದರೂ?

ಕೋಯಿಪಾಡಿ ಗಿಲ್‌ನೆಟ್:
ಸಿಮ್ ಇಲ್ಲದೆ ಆಗುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ನಮ್ಮ ಫೈಬರ್ ದೋಣಿಯಲ್ಲಿ ಮೊಬೈಲನ್ನು ರಾತ್ರಿಯೆಲ್ಲ ಆರಿಸಿಟ್ಟು ಹೊರಗೆ ಹೋದ ಮೇಲೆ ಹಾಕಿದರೆ ಬಾಣದ ಗುರುತು ತುಂಬಾ ಹೊತ್ತು ಮಂಜೇಶ್ವರ ಪೇಟೆಯಲ್ಲೇ ನಿಂತಿರುತ್ತದೆ. ನಾವಿರುವುದು ಇಪ್ಪತ್ತು ಮಾರು ಆಳದ ನೀರಿನಲ್ಲಿ.

ಹಳೆಯ ತಂಡೇಲ:
ಹ್ಹಹ್ಹ. ಪೇಟೆಯಲ್ಲಿ ಬಲೆ ಬಿಡಿ ಮಾರಾಯರೇ, ಬೂತಾಯಿ ಸಿಗಬಹುದು.

ಉಪ್ಪಳದ ಟ್ಯಾಬ್ ಅಂಗಡಿ:
ಅದು ಕೊನೆಯ ಸಲ ಗೊತ್ತಿದ್ದ ಜಾಗ. ಉಪಗ್ರಹ ಸಿಕ್ಕ ತಕ್ಷಣ ಸರಿಯಾಗುತ್ತದೆ. ಹೊರಡುವ ಮೊದಲು ದಕ್ಕೆಯಲ್ಲೇ ಒಮ್ಮೆ ಹಾಕಿ ನೋಡಬೇಕು, ಅಷ್ಟೇ. ಕೈಪಿಡಿ ಓದದವರು ಉಪಕರಣವನ್ನು ಬೈಯಬಾರದು.

ಹಡಗಿನ ಎರಡನೇ ಅಧಿಕಾರಿ:
"ತಕ್ಷಣ" ಎನ್ನುವುದಕ್ಕೆ ಲೆಕ್ಕ ಇದೆ. ಒಂದು ಉಪಗ್ರಹ ತನ್ನ ಪಥದ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಪೂರ್ತಿ ಹೇಳುತ್ತದೆ. ಎಲ್ಲ ಉಪಗ್ರಹಗಳ ಒಟ್ಟು ಪಂಚಾಂಗ ಇಳಿಯಲು 12.5 ನಿಮಿಷ ಬೇಕು. ನೆಟ್‌ವರ್ಕ್ ಇದ್ದರೆ ಮೊಬೈಲ್ ಇವನ್ನು ಇಂಟರ್‌ನೆಟ್ಟಿನಿಂದ ಪಡೆದು ಕೆಲವೇ ಸೆಕೆಂಡುಗಳಲ್ಲಿ ಸ್ಥಾನ ಹೇಳುತ್ತದೆ. ಇಲ್ಲದಿದ್ದರೆ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು, ತಡವಾಗುತ್ತದೆ. ಕೋಯಿಪಾಡಿಯವರು ಕಂಡದ್ದು ಅದನ್ನೇ. ಮೊಬೈಲ್ ಸುಳ್ಳು ಹೇಳಲಿಲ್ಲ, ನೆಟ್‌ವರ್ಕ್ ಇದ್ದಿದ್ದರೆ ಬೇಗ ಹೇಳುತ್ತಿತ್ತು.

ಹಳೆಯ ತಂಡೇಲ:
"ನೆಟ್‌ವರ್ಕ್ ಇದ್ದಿದ್ದರೆ". ಮತ್ತೆ ಅಲ್ಲಿಗೇ ಬಂದಿರಿ.

ಉಪ್ಪಳದ ಟ್ಯಾಬ್ ಅಂಗಡಿ:
ತಂಡೇಲರೇ, ನಿಮ್ಮ ಹಳೆಯ ಪ್ಲಾಟರಿಗೆ ಯಾವ ಕಂಪನಿಯ ಸಿಮ್ ಹಾಕಿದ್ದಿರಿ? ಅದೂ ಇದೇ ಜಿಪಿಎಸ್. ಹನ್ನೆರಡೂವರೆ ನಿಮಿಷದ ಪಂಚಾಂಗ ಅದಕ್ಕೂ ಇತ್ತು.

ಹಳೆಯ ತಂಡೇಲ:
ಪ್ಲಾಟರಿಗೆ ಗುಂಡಿಗಳಿದ್ದವು. ಒದ್ದೆ ಕೈಯಲ್ಲೂ ಒತ್ತಬಹುದಿತ್ತು. ನಿಮ್ಮ ಗಾಜಿನ ಮೇಲೆ ಉಪ್ಪುನೀರಿನ ಹನಿ ಬಿದ್ದರೆ ಅದೇ ಬೆರಳೆಂದು ತಿಳಿದು ನಕ್ಷೆ ಕೊಚ್ಚಿಗೆ ಓಡುತ್ತದೆ. ಏಪ್ರಿಲ್ ಮಧ್ಯಾಹ್ನ ಕ್ಯಾಬಿನ್ನಿನಲ್ಲಿ ಇಟ್ಟು ನೋಡಿ, ಬಿಸಿಯಾಯಿತು ಎಂದು ಪರದೆಯೇ ಕಪ್ಪಾಗುತ್ತದೆ. ಇದಕ್ಕೆ ಉತ್ತರ ಕೊಡಿ, ಸಿಮ್ ಆಮೇಲೆ.

ಹಡಗಿನ ಎರಡನೇ ಅಧಿಕಾರಿ:
ಬಿಸಿಯ ಮಾತು ಸರಿ. ಐಪ್ಯಾಡ್ ಬಳಸಬೇಕಾದ ಉಷ್ಣಾಂಶ 0ರಿಂದ 35 ಡಿಗ್ರಿ ಎಂದು ತಯಾರಕರೇ ಬರೆದಿದ್ದಾರೆ. ನಮ್ಮ ಕರಾವಳಿಯಲ್ಲಿ ಗಾಜಿನ ಹಿಂದೆ ಬಿಸಿಲಿಗೆ ಇಟ್ಟರೆ ಅದನ್ನು ದಾಟಲು ಹೆಚ್ಚು ಹೊತ್ತು ಬೇಡ. ನೀರು ಒಳಗೆ ಹೋಗುವುದಿಲ್ಲ ಎನ್ನಲು ಐಪಿ68 ಎಂದು ಬರೆದಿರುತ್ತಾರೆ. ಆ ಪರೀಕ್ಷೆ ಸಿಹಿನೀರಿನದು. ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಟ್ಯಾಬಿನ ಸ್ಪೀಕರಿನಲ್ಲಿ, ಕೆಲವು ಹೊದಿಕೆಗಳಲ್ಲಿ ಅಯಸ್ಕಾಂತ ಇರುತ್ತದೆ. ಚುಕ್ಕಾಣಿಯ ಎದುರಿನ ದಿಕ್ಸೂಚಿಯ ಪಕ್ಕದಲ್ಲೇ ಅದನ್ನು ಅಂಟಿಸಿದರೆ ಮುಳ್ಳು ಓರೆಯಾಗುತ್ತದೆ. ಟ್ಯಾಬ್ ಆರಿದ ದಿನ ನೀವು ನಂಬಬೇಕಾದದ್ದು ಆ ದಿಕ್ಸೂಚಿಯನ್ನೇ.

ಹಳೆಯ ತಂಡೇಲ:
ಟ್ಯಾಬ್ ದಿಕ್ಸೂಚಿಯನ್ನೂ ಕೆಡಿಸುತ್ತದೆ. ಬರೆದಿಟ್ಟುಕೊಳ್ಳಿ ಪಾಲುದಾರರೇ.

ಉಪ್ಪಳದ ಟ್ಯಾಬ್ ಅಂಗಡಿ:
ಒಂದು ಮೊಳ ದೂರದಲ್ಲಿ ಇಡಿ, ಕೆಡುವುದಿಲ್ಲ. ಪ್ರತಿಯೊಂದಕ್ಕೂ ಪ್ರಳಯ ಬಂತು ಎನ್ನುತ್ತಾರೆ.

ಬದಿಯಡ್ಕದ ಮೇಷ್ಟ್ರು:
ನಾನು ಕಡಲಿಗೆ ಹೋದವನಲ್ಲ, ಕ್ಷಮಿಸಿ. ಆದರೆ ಇಷ್ಟು ಹೊತ್ತು ಸಿಮ್, ಚಿಪ್ ಎಂದು ಜಗಳವಾಡುತ್ತೀರಿ. ಎಚ್ಚರಿಕೆ ಯಾವ ಭಾಷೆಯಲ್ಲಿ ಬರುತ್ತದೆ ಎಂದು ಯಾರೂ ಕೇಳುತ್ತಿಲ್ಲ. ಕಾಸರಗೋಡಿನ ಕನ್ನಡ ಮೀನುಗಾರನಿಗೆ ರಾಜ್ಯದ ವಿಪತ್ತು ನಿರ್ವಹಣೆಯ ಸಂದೇಶ ಮಲಯಾಳದಲ್ಲಿ ಬರುತ್ತದೆ. ಗಡಿಯ ತಲಪಾಡಿ ದಾಟಿದರೆ ಕನ್ನಡ. ಕಡಲು ಒಂದೇ ಅಲ್ಲವೇ?

ಕೋಯಿಪಾಡಿ ಗಿಲ್‌ನೆಟ್:
ಮೇಷ್ಟ್ರೇ, ಇಲ್ಲಿ ವೈರ್‌ಲೆಸ್ಸಿನಲ್ಲಿ ತುಳು, ಮಲಯಾಳ, ಕನ್ನಡ ಮೂರೂ ಒಟ್ಟಿಗೆ ಓಡುತ್ತವೆ. ಎಚ್ಚರಿಕೆಯ ಕೆಂಪು ಬಣ್ಣ ಕಂಡರೆ ಯಾವ ಭಾಷೆಯವನಿಗೂ ತಿಳಿಯುತ್ತದೆ.

ಬದಿಯಡ್ಕದ ಮೇಷ್ಟ್ರು:
ಬಣ್ಣ ಸಾಕಾದರೆ ಅಕ್ಷರ ಯಾಕೆ? ಸರಕಾರವನ್ನು ಕೇಳುವ ಹಕ್ಕನ್ನು ನೀವೇ ಬಿಟ್ಟುಕೊಡುತ್ತಿದ್ದೀರಿ. ಹೈದರಾಬಾದಿನ ಕಡಲ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಮೀನು ಸಿಗುವ ಜಾಗದ ಮಾಹಿತಿಯನ್ನು ಕನ್ನಡದಲ್ಲೂ ಕೊಡುತ್ತದೆ. ಅವರಿಗೆ ಆಗುವುದಾದರೆ ಇವರಿಗೆ ಯಾಕೆ ಆಗದು?

ಉಪ್ಪಳದ ಟ್ಯಾಬ್ ಅಂಗಡಿ:
ಅದನ್ನು ನೋಡಲು ಟ್ಯಾಬ್ ಬೇಕಲ್ಲ ಮೇಷ್ಟ್ರೇ. ಅದನ್ನೇ ಹೇಳುತ್ತಿದ್ದೇನೆ.

ಕೋಯಿಪಾಡಿ ಗಿಲ್‌ನೆಟ್:
ಆ ಮಾಹಿತಿ ಉಪಗ್ರಹ ಅಳೆದ ಕಡಲ ಮೇಲ್ಮೈಯ ಬಿಸಿ ಮತ್ತು ನೀರಿನ ಹಸಿರಿನ ಲೆಕ್ಕ. ಮೋಡ ಕವಿದ ದಿನ ಉಪಗ್ರಹಕ್ಕೆ ಕಾಣುವುದಿಲ್ಲ. ನಮಗೆ ಬಂಗುಡೆ ಬೇಕಾಗುವುದು ಮೋಡ ಇರುವ ಆಗಸ್ಟಿನಲ್ಲಿ.

ಹಳೆಯ ತಂಡೇಲ:
ಭಾಷೆಯ ಮಾತು ಬಿಡಿ. 2017ರ ಓಖಿ ಚಂಡಮಾರುತದಲ್ಲಿ ಯಾವ ಆ್ಯಪ್ ಯಾರನ್ನು ಉಳಿಸಿತು? ಕನ್ಯಾಕುಮಾರಿ, ತಿರುವನಂತಪುರದ ದೋಣಿಗಳು ದಿನಗಟ್ಟಲೆ ಮೊದಲೇ ಹೊರಟಿದ್ದವು. ಚಂಡಮಾರುತ ಎಂದು ಘೋಷಿಸಿದ್ದು ನವೆಂಬರ್ 30ಕ್ಕೆ. ಎಚ್ಚರಿಕೆ ದಡದಲ್ಲಿತ್ತು, ಮನುಷ್ಯರು ಆಳದಲ್ಲಿದ್ದರು.

ಹಡಗಿನ ಎರಡನೇ ಅಧಿಕಾರಿ:
"ಎಚ್ಚರಿಕೆ ದಡದಲ್ಲಿತ್ತು". ಸರಿಯಾಗಿ ಹೇಳಿದಿರಿ, ಆದರೆ ಅದರ ಮುಂದಿನದನ್ನು ಬಿಟ್ಟಿರಿ. ಆ ಕೊರತೆ ನೀಗಿಸಲೆಂದೇ 2019ರಲ್ಲಿ ಜೆಮಿನಿ ಎಂಬ ಪೆಟ್ಟಿಗೆ ಬಂತು. ಭಾರತದ ಗಗನ್ ಉಪಗ್ರಹ ವ್ಯವಸ್ಥೆಯ ಮೂಲಕ ಎಚ್ಚರಿಕೆಯನ್ನು ಟವರ್ ಇಲ್ಲದ ಕಡೆಗೂ ತಲುಪಿಸುತ್ತದೆ. ಅದು ಒಂದೇ ದಿಕ್ಕಿನದು, ನೀವು ಕೂಗಿದರೆ ದಡಕ್ಕೆ ಕೇಳಿಸುವುದಿಲ್ಲ. 2024ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಚಾಲನೆ ಪಡೆದ ಯೋಜನೆಯ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ ಎರಡೂ ಕಡೆಗೆ ಸಂದೇಶ ಒಯ್ಯುತ್ತದೆ. ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಕೊಡುವ ಗುರಿ. ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಅದನ್ನು ವಿಚಾರಿಸಿ, ಟ್ಯಾಬ್ ಆಮೇಲೆ.

ಉಪ್ಪಳದ ಟ್ಯಾಬ್ ಅಂಗಡಿ:
ಜೆಮಿನಿ ಪೆಟ್ಟಿಗೆಗೆ ಬಂದ ಸಂದೇಶವನ್ನು ಎಲ್ಲಿ ಓದುತ್ತೀರಿ ಸಾರ್? ಬ್ಲೂಟೂತಿನಲ್ಲಿ ಮೊಬೈಲಿಗೆ ಬರುತ್ತದೆ, ಆ್ಯಪಿನಲ್ಲಿ ತೆರೆದುಕೊಳ್ಳುತ್ತದೆ. ಮತ್ತೆ ಪರದೆಯೇ ಬೇಕಾಯಿತು. ಧನ್ಯವಾದ.

ಮಂಜೇಶ್ವರದ ಪಾಲುದಾರ:
ನನ್ನ ಎರಡನೆಯ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಕೋಯಿಪಾಡಿ ಗಿಲ್‌ನೆಟ್:
ನಾನು ಹೇಳುತ್ತೇನೆ. ನಂಬಬೇಡಿ, ಅಥವಾ ಏನನ್ನು ನಂಬುತ್ತಿದ್ದೇನೆ ಎಂದು ತಿಳಿದು ನಂಬಿ. ಹೋದ ವರ್ಷ ಮಳೆಗೆ ಮೊದಲು ಗಾಳಿ ತೋರಿಸುವ ಒಂದು ಆ್ಯಪಿನಲ್ಲಿ ಕಡಲಿಡೀ ತಿಳಿನೀಲಿ, ಎಂದರೆ ಗಾಳಿ ಇಲ್ಲ. ಎಲೆ ಅಲುಗುತ್ತಿರಲಿಲ್ಲ. ಮರಳಿ ಬರುವಾಗ ಅಳಿವೆ ಬಾಗಿಲಿನಲ್ಲಿ ತೆರೆ ಗೋಡೆಯಾಗಿ ನಿಂತು ಒಡೆಯುತ್ತಿತ್ತು. ದೋಣಿ ಅಡ್ಡ ತಿರುಗಿತು, ಬಲೆ ಹೋಯಿತು, ನಾವು ಉಳಿದೆವು. ಕೇರಳದವರು ಕಳ್ಳಕ್ಕಡಲ್ ಎನ್ನುವುದು ಇದನ್ನೇ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಗಾಳಿ ಬೀಸಿ ಎದ್ದ ಉದ್ದನೆಯ ತೆರೆಗಳು ದಿನಗಳ ನಂತರ ನಮ್ಮ ದಡಕ್ಕೆ ಬರುತ್ತವೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ. ಆಳದಲ್ಲಿ ದೋಣಿಗೆ ಗೊತ್ತೂ ಆಗುವುದಿಲ್ಲ. ನೀರು ತೆಳುವಾದ ಕಡೆ ಏಳುತ್ತದೆ.

ಉಪ್ಪಳದ ಟ್ಯಾಬ್ ಅಂಗಡಿ:
ಗಾಳಿಯ ಪದರ ನೋಡಿ ಅಲೆ ಇಲ್ಲ ಎಂದುಕೊಂಡರೆ ಅದು ಆ್ಯಪಿನ ತಪ್ಪೇ? ಅಂಥ ಆ್ಯಪುಗಳಲ್ಲಿ ದೂರದಿಂದ ಬರುವ ಇಂಥ ತೆರೆಗಳಿಗೆ ಸ್ವೆಲ್ ಎಂದು ಬೇರೆ ಪದರ ಇರುತ್ತದೆ. ಒತ್ತಿದರೆ ಎತ್ತರವನ್ನೂ ಎರಡು ತೆರೆಗಳ ನಡುವಿನ ಸೆಕೆಂಡನ್ನೂ ತೋರಿಸುತ್ತದೆ.

ಕೋಯಿಪಾಡಿ ಗಿಲ್‌ನೆಟ್:
ಹಾಗಾದರೆ ಮಾರುವಾಗ ಹೇಳಿ! ನಿಮ್ಮ ಅಂಗಡಿಯಲ್ಲಿ ಯಾರಿಗಾದರೂ ಆ ಪದರ ತೋರಿಸಿದ್ದೀರಾ? ಹೊದಿಕೆ ಉಚಿತ, ಗಾಜಿನ ಹಾಳೆ ಉಚಿತ, ಜೀವ ಉಳಿಸುವ ಪದರ ಮಾತ್ರ ಗಿರಾಕಿಯೇ ಹುಡುಕಿಕೊಳ್ಳಬೇಕು. ನೀರಿನಲ್ಲಿ ಬಿದ್ದವನ ಮುಂದೆ ಕೈಪಿಡಿ ಓದಬೇಡಿ.

ಉಪ್ಪಳದ ಟ್ಯಾಬ್ ಅಂಗಡಿ:
ಸಿಟ್ಟು ಬೇಡ. ಯಾರ ಮನಸ್ಸನ್ನೂ ನೋಯಿಸಲು ಹೇಳಿದ್ದಲ್ಲ.

ಹಡಗಿನ ಎರಡನೇ ಅಧಿಕಾರಿ:
ಪದರ ಒತ್ತಿದರೂ ಸಾಲದು. ಆ್ಯಪಿನಲ್ಲಿ ಅಲೆ 2 ಮೀಟರ್ ಎಂದರೆ ಎಲ್ಲ ಅಲೆಯೂ 2 ಮೀಟರ್ ಎಂದಲ್ಲ. ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಅದು. ಅದೇ ಕಡಲಿನಲ್ಲಿ ಆಗೊಮ್ಮೆ ಈಗೊಮ್ಮೆ ಅದರ ಇಮ್ಮಡಿ ಬರುತ್ತದೆ. ಜಗತ್ತಿನ ಪ್ರಸಿದ್ಧ ಹವಾಮಾನ ಮಾದರಿಗಳಾದರೂ ಕಡಲನ್ನು ಸುಮಾರು 9, 13 ಕಿಲೋಮೀಟರಿನ ಚೌಕಗಳಾಗಿ ನೋಡುತ್ತವೆ. ಕುಂಬಳೆಯ ಅಳಿವೆ ಆ ಚೌಕದೊಳಗೆ ಕಾಣುವುದೇ ಇಲ್ಲ. ಅಳಿವೆಯ ಮರಳು ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ, ನಕ್ಷೆ ಬದಲಾಗುವುದಿಲ್ಲ. ನಕ್ಷೆಯ ಆಳ ಇಳಿತದ ಮಟ್ಟದಿಂದ ಅಳೆದದ್ದು, ಉಬ್ಬರ ಎಷ್ಟಿದೆ ಎಂದು ನೀವೇ ಸೇರಿಸಿಕೊಳ್ಳಬೇಕು. ಇನ್‌ಕಾಯ್ಸ್ ಹೊರಡಿಸುವ ಎತ್ತರದ ಅಲೆಯ ಎಚ್ಚರಿಕೆಯನ್ನು ಹೊರಡುವ ಮೊದಲು ನೋಡಿ, ಒಳಗೆ ಬರುವ ಮೊದಲು ದಡದಲ್ಲಿರುವವರಿಗೆ ವೈರ್‌ಲೆಸ್ಸಿನಲ್ಲಿ ಕೇಳಿ.

ಹಳೆಯ ತಂಡೇಲ:
"ದಡದಲ್ಲಿರುವವರಿಗೆ ವೈರ್‌ಲೆಸ್ಸಿನಲ್ಲಿ ಕೇಳಿ." ಇಷ್ಟು ಓದಿದವರೂ ಕೊನೆಗೆ ವೈರ್‌ಲೆಸ್ಸಿಗೇ ಬಂದರು. ನನ್ನ ಮೊದಲ ಮಾತನ್ನು ಮತ್ತೆ ಓದಿ.

ಹಡಗಿನ ಎರಡನೇ ಅಧಿಕಾರಿ:
ನಿಮ್ಮ ಮೊದಲ ಮಾತು ನೆಟ್‌ವರ್ಕ್ ಇಲ್ಲದೆ ಟ್ಯಾಬ್ ದಾರಿ ತೋರಿಸುವುದಿಲ್ಲ ಎಂದು. ಅದು ಆಗಲೂ ತಪ್ಪು, ಈಗಲೂ ತಪ್ಪು.

ಬದಿಯಡ್ಕದ ಮೇಷ್ಟ್ರು:
ಇನ್‌ಕಾಯ್ಸಿನ ಅಲೆಯ ಎಚ್ಚರಿಕೆ ನಮ್ಮ ಜಿಲ್ಲೆಗೆ ಯಾವ ಭಾಷೆಯಲ್ಲಿ?

ಮಂಜೇಶ್ವರದ ಪಾಲುದಾರ:
ನಾಳೆ ಸಂಜೆ ನಾಲ್ವರೂ ಕೂರುತ್ತೇವೆ. ಪ್ಲಾಟರನ್ನು ರಿಪೇರಿ ಮಾಡಿಸಿ ಟ್ಯಾಬನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದಾದರೆ ಹೇಗೆ? ದೊಡ್ಡ ಹಡಗುಗಳಲ್ಲೂ ಎರಡೆರಡು ಇರುತ್ತವಂತೆ.

ಹಡಗಿನ ಎರಡನೇ ಅಧಿಕಾರಿ:
ಇರುತ್ತವೆ. ಆದರೆ ಅಲ್ಲಿ ಎರಡೂ ಪ್ರಮಾಣಿತ ಉಪಕರಣಗಳು, ಟ್ಯಾಬ್ ಯಾರದೋ ಜೇಬಿನ ಮೂರನೆಯದು. ಎರಡಕ್ಕೂ ಒಂದೇ ಬ್ಯಾಟರಿಯಿಂದ ವಿದ್ಯುತ್ ಕೊಡಬೇಡಿ. ಎಂಜಿನ್ ಕೈಕೊಟ್ಟ ರಾತ್ರಿ ಎರಡೂ ಒಟ್ಟಿಗೆ ಆರಿದರೆ ಏನು ಪ್ರಯೋಜನ?

ಉಪ್ಪಳದ ಟ್ಯಾಬ್ ಅಂಗಡಿ:
ಪಾಲುದಾರರೇ, ನಾಳೆ ಅಂಗಡಿಗೆ ಬನ್ನಿ. ಸಿಮ್ ಜಾಗ ಇರುವ ಮಾದರಿಯೇ ಕೊಡುತ್ತೇನೆ, ಸ್ವೆಲ್ ಪದರವನ್ನೂ ತೋರಿಸಿಕೊಡುತ್ತೇನೆ.

ಹಳೆಯ ತಂಡೇಲ:
ಸಿಮ್ ಬೇಡ ಎಂದವರು ಈಗ ಸಿಮ್ ಜಾಗ ಇರುವುದನ್ನೇ ಮಾರುತ್ತಿದ್ದಾರೆ.

ಉಪ್ಪಳದ ಟ್ಯಾಬ್ ಅಂಗಡಿ:
ಜಾಗ ಬೇರೆ, ಸಿಮ್ ಬೇರೆ ಎಂದು ಇನ್ನೆಷ್ಟು ಸಲ ಹೇಳಬೇಕು?

ಹಡಗಿನ ಎರಡನೇ ಅಧಿಕಾರಿ:
ಮಾದರಿಯ ಹೆಸರನ್ನು ಇಲ್ಲೇ ಬರೆಯಿರಿ. ಜಿಪಿಎಸ್ ಚಿಪ್ ಇದೆಯೋ ಇಲ್ಲವೋ ಎಂದು ಎಲ್ಲರೂ ನೋಡಲಿ.